ಕಪಿಲೆಯ ಇಳಿಜಾರು

ನಮ್ಮ ಲೆಕ್ಕದ ಮೇಷ್ಟ್ರ ಎಡಗಾಲು ಬಲಗಾಲಿಗಿಂತ ನಾಲ್ಕು ಬೆರಳಿನಷ್ಟು ಗಿಡ್ಡ. ಬಯಲಿನಲ್ಲಿ ನಡೆದರೆ ಹೆಜ್ಜೆ ಹೆಜ್ಜೆಗೂ ಮೈ ಎಡಕ್ಕೆ ವಾಲಿ ಮತ್ತೆ ಮೇಲೇಳುತ್ತಿತ್ತು. ರುಮಾಲಿನ ಚುಂಗು ಅದರ ಜೊತೆಗೇ ಎದ್ದು ಬೀಳುತ್ತಿತ್ತು. ಕೆರೆ ಏರಿಯ ಓರೆ ಮಗ್ಗುಲಲ್ಲಿ ಒಂದು ಕಾಲುದಾರಿ ಇತ್ತು. ಬೆಳಿಗ್ಗೆ ಅದರಲ್ಲಿ ಶಾಲೆಗೆ ಬರುವಾಗ ಗಿಡ್ಡ ಕಾಲು ಮೇಲಿನ ಕಡೆಗೆ ಬಿದ್ದು, ಅವರು ಕುಂಟುತ್ತಲೇ ಇರಲಿಲ್ಲ. ಸಂಜೆ ಅದೇ ದಾರಿಯಲ್ಲಿ ಮರಳುವಾಗ ಗಿಡ್ಡ ಕಾಲು ಕೆಳಗಾಗಿ ಕುಂಟು ಇಮ್ಮಡಿಯಾಗುತ್ತಿತ್ತು. ಏರಿಯ ನೆತ್ತಿಯ ಮೇಲೆ ಮಟ್ಟವಾದ ಗಾಡಿದಾರಿ ಇದ್ದೂ ಯಾಕೆ ಈ ಪಾಡು ಎಂದು ಯಾರಾದರೂ ಕೇಳಿದರೆ, "ಬೆಳಿಗ್ಗೆ ಸುಖಪಟ್ಟೀನಲ್ಲಪ್ಪ, ಸಂಜೆ ತೀರಿಸ್ಬೇಡ್ವ?" ಎಂದು ನಗುತ್ತಿದ್ದರು.

ಕೊಂಡ್ಲಹಳ್ಳಿಯ ನಮ್ಮ ಶಾಲೆಯೆಂದರೆ ಗುಡಿಯ ಪಕ್ಕದ ಒಂದು ಮಣ್ಣಿನ ಮಾಳಿಗೆ ಮನೆ. ನಮ್ಮ ಕಡೆ ಆಗಿನ್ನೂ ಮೋಟಾರು ಕಂಡವರಿರಲಿಲ್ಲ. ಮೇಷ್ಟ್ರು ಮೊಳಕಾಲ್ಮೂರಿನಿಂದ ಎತ್ತಿನ ಗಾಡಿಯಲ್ಲಿ ಒಂದು ಟ್ರಂಕು, ಒಂದು ಚಾಪೆ ಹಾಕಿಕೊಂಡು ಬಂದು ಕೆರೆಯಾಚೆ ಒಂಟಿಯಾಗಿ ಬಿಡಾರ ಹೂಡಿದ್ದರು. ಮನೆಮಾತು ತೆಲುಗು. ಪಾಠವೆಲ್ಲ ಕನ್ನಡದಲ್ಲಿ, ಬೈಗುಳ ಮಾತ್ರ ತೆಲುಗಿನಲ್ಲಿ. "ಒರೇಯ್" ಎಂದು ಶುರುವಾದ ಕೂಡಲೇ ನಾವು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆವು. ಬೈಗುಳ ಕೇಳಬಾರದೆಂದಲ್ಲ, ಹಿಂಡುವುದಕ್ಕೆ ಕಿವಿ ಸಿಗಬಾರದೆಂದು.

ಕರಿಹಲಗೆಯ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ. ನಮ್ಮನ್ನು ಮಾಳಿಗೆಯ ಮೇಲೆ ಹತ್ತಿಸಿ ಒಂದು ಚೊಂಬು ನೀರು ಸುರಿಯುತ್ತಿದ್ದರು. ಕಣ್ಣಿಗೆ ಚಪ್ಪಟೆಯಾಗಿ ಕಾಣುವ ಮಣ್ಣಿನ ಮೇಲೆ ನೀರು ತಾನಾಗಿಯೇ ಮಳೆನೀರು ಧುಮುಕುವ ದೋಣಿಯ ಕಡೆ ಹರಿಯುತ್ತಿತ್ತು. "ಒಂದು ಮಾರು ಮುಂದೆ ಹೋದ್ರೆ ಎಷ್ಟು ಕೆಳಗಿಳಿತು? ಅಷ್ಟೇ ಕಣ್ರೋ ಇಳಿಜಾರು ಅಂದ್ರೆ. ಒಟ್ಟು ಎಷ್ಟು ಇಳಿತು ಅಂತ ಕೇಳಬ್ಯಾಡ್ರಿ, ಮಾರಿಗೆ ಎಷ್ಟು ಅಂತ ಕೇಳ್ರಿ." ಆಮೇಲೆ ಕಂಬಳಿ ನೇಯುವವರ ಮಗ್ಗದ ಮುಂದೆ ನಿಲ್ಲಿಸುತ್ತಿದ್ದರು. ನಿನ್ನೆಯವರೆಗೆ ಎರಡು ಮೊಳ ನೇಯ್ದಾಗಿದೆ, ದಿನಕ್ಕೊಂದು ಮೊಳ ಬೆಳೆಯುತ್ತದೆ, ಹತ್ತು ಮೊಳ ಆಗಲು ಇನ್ನೆಷ್ಟು ದಿನ? ಗೊತ್ತಿಲ್ಲದ ಆ ಸಂಖ್ಯೆಯನ್ನು ಅವರು 'ಬರಬೇಕಾದ ನೆಂಟ' ಎಂದು ಕರೆಯುತ್ತಿದ್ದರು. ದಿನಗಳನ್ನು ಅಡ್ಡಲಾಗಿ, ಮೊಳಗಳನ್ನು ಉದ್ದಕ್ಕೆ ಗುರುತಿಸಿ ಮರಳಿನ ಮೇಲೆ ಗೆರೆ ಎಳೆದರೆ ನೆಂಟ ಎಲ್ಲಿದ್ದರೂ ಸಿಕ್ಕಿಬೀಳುತ್ತಿದ್ದ. ಆ ಗೆರೆ ಎಳೆಯುವಾಗ ಮೇಷ್ಟ್ರ ಮುಖ ನೋಡಬೇಕಿತ್ತು, ಮಕ್ಕಳಿಗಿಂತ ಹೆಚ್ಚು ಖುಷಿ ಅವರಿಗೆ.

ಒಂದು ದಿನ ನಮ್ಮನ್ನೆಲ್ಲ ನಮ್ಮ ಹೊಲದ ಕಪಿಲೆ ಬಾವಿಗೇ ಕರೆದುಕೊಂಡು ಬಂದರು. ಕಪಿಲೆ ನೋಡದವರಿಗೆ ಸ್ವಲ್ಪ ಹೇಳಬೇಕು. ಬಾವಿಯ ಬಾಯಿಂದ ಹೊರಕ್ಕೆ ಇಳಿಜಾರಾದ ಒಂದು ಹಾದಿ. ಎತ್ತಿನ ಜೋಡಿ ಹಗ್ಗ ಎಳೆಯುತ್ತ ಅದರಲ್ಲಿ ಇಳಿದರೆ, ರಾಟೆಯ ಮೇಲೆ ಹಗ್ಗ ಉರುಳಿ ತೊಗಲಿನ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಎತ್ತು ಹೊಡೆಯುವವನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಾನೆ. ನೀರು ಸುರಿದ ಮೇಲೆ ಎತ್ತುಗಳು ತಿರುಗುವುದಿಲ್ಲ. ಹಿಂದು ಹಿಂದಕ್ಕೇ ಹೆಜ್ಜೆ ಇಟ್ಟುಕೊಂಡು ಏರು ಹತ್ತಬೇಕು.

ನಮ್ಮ ಜೋಡಿಯಲ್ಲಿ ಕರಿಯ ಎಂಬ ಎತ್ತು ನಾನು ಹುಟ್ಟಿದ ವರ್ಷವೇ ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ್ದು. ನಾನಿನ್ನೂ ಗೋಲಿ ಆಡುವ ಹುಡುಗ, ಅದಕ್ಕಾಗಲೇ ಮುಪ್ಪು. ಬಾನಿ ಎಳೆಯುವಾಗ ಏದುಸಿರು ಬಿಡುತ್ತಿತ್ತು. ನಾನೇ ಕೇಳಿದೆ, "ಮೇಷ್ಟ್ರೇ, ನಮ್ಮ ಕರಿಯಂಗೆ ಎಳೆಯೋದು ಸ್ವಲ್ಪ ಹಗುರ ಮಾಡೋ ಲೆಕ್ಕ ಐತಾ?"

ಅವರ ಕಣ್ಣು ಅರಳಿತು. ಕೂಡಲೇ ಕೂತು ಮರಳು ಸವರಿ ಗೆರೆ ಎಳೆದರು. ಹಾದಿ ಮಾರಿಗೆ ಒಂದು ಬೆರಳು ಹೆಚ್ಚು ಇಳಿದರೆ ಎತ್ತಿನ ಮೈಭಾರವೇ ಇಷ್ಟು ಎಳೆಯುತ್ತದೆ, ಎರಡು ಬೆರಳಾದರೆ ಅದರ ಎರಡರಷ್ಟು, ಮೂರಾದರೆ ಮೂರರಷ್ಟು. ಗೆರೆ ನೆಟ್ಟಗೆ ಹೋಯಿತು. "ನೋಡ್ರಿ, ಎಲ್ಲೂ ಬಾಗಲ್ಲ ಇದು," ಎಂದು ಅಪ್ಪನಿಗೆ ತೋರಿಸಿದರು. ಅಪ್ಪ ಅಕ್ಷರ ಕಲಿತವನಲ್ಲ. ಆದರೂ ಆ ಗೆರೆಯ ಅಂದಕ್ಕೆ ಮರುಳಾಗಿ, "ನೀವು ಹೇಳಿದ ಮ್ಯಾಲೆ ಆಯ್ತು ಬಿಡ್ರಿ," ಎಂದು ಮಾರನೆಯ ದಿನವೇ ಗುದ್ದಲಿ ಹಿಡಿದ. ಹಾದಿಯ ಕೆಳತುದಿಯನ್ನು ಅಗೆದು ಆಳ ಮಾಡಿದ.

ಕೆಲವು ದಿನ ನಮ್ಮ ಮನೆಯಲ್ಲಿ ಹಬ್ಬವೇ. ಬಾನಿ ಸರಸರನೆ ಮೇಲೆ ಬರುತ್ತಿತ್ತು. ಅಪ್ಪ ಹಗ್ಗದ ಮೇಲೆ ಕೂತು, ಎಂದೋ ಬಿಟ್ಟುಹೋಗಿದ್ದ ಕಪಿಲೆ ಪದಗಳನ್ನೆಲ್ಲ ಮತ್ತೆ ಹಾಡತೊಡಗಿದ. ಅವ್ವ ನನ್ನ ಕೈಯಲ್ಲಿ ಮೇಷ್ಟ್ರಿಗೆ ಮೊಸರು ಕಳಿಸಿದಳು. ನಾನೋ, ಲೆಕ್ಕ ಕೇಳಿದ ಹುಡುಗ ಎಂದು ಊರಲ್ಲೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದೆ. ಬಾನಿ ಚೆಲ್ಲಿದ ನೀರಿಗೆ ಆ ಕಡಿದಾದ ಹಾದಿ ಜಾರುತ್ತಿದ್ದುದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಿಂದಕ್ಕೆ ಹತ್ತುವಾಗಲೇ ಕರಿಯನ ಹಿಂಗಾಲು ಜಾರಿತು. ನೊಗದ ಸಮೇತ ಕೂತಂತೆ ಬಿತ್ತು. ಸೊಂಟ ಮುರಿದಿತ್ತು. ಅಪ್ಪ ಹೆಗಲು ಕೊಟ್ಟ, ನೆರೆಯವರು ಬಿದಿರು ಕೊಟ್ಟು ಎತ್ತಿದರು. ಮುಂಗಾಲು ಮಾತ್ರ ಊರಿ ಮತ್ತೆ ಕುಸಿಯಿತು. ಅದು ನನ್ನನ್ನೇ ನೋಡುತ್ತಿತ್ತು, ಅಥವಾ ನನಗೆ ಹಾಗನ್ನಿಸಿತು.

ಸುದ್ದಿ ತಿಳಿದು ಮೇಷ್ಟ್ರು ಓಡೋಡಿ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಪ್ಪನ ಮುಂದೆ ಕೈಮುಗಿದು, "ತಪ್ಪು ನಂದು. ಇಳಿಯೋ ಲೆಕ್ಕ ಮಾಡಿ ಹತ್ತೋ ಲೆಕ್ಕ ಬಿಟ್ಟೆ," ಎಂದರು. ಅಪ್ಪ, "ನಿಮ್ಮದೇನ್ರಿ ತಪ್ಪು? ದಿನಾ ಎತ್ತು ಹೊಡೆಯೋನು ನಾನು. ನಾನು ನೋಡ್ಬೇಕಿತ್ತು," ಎಂದ. ತಪ್ಪು ನನಗಿರಲಿ ನನಗಿರಲಿ ಎಂದು ಇಬ್ಬರು ದೊಡ್ಡವರು ಅಲ್ಲಿ ಹಟಕ್ಕೆ ಬಿದ್ದಂತೆ ನಿಂತಿದ್ದರು. ಆ ಲೆಕ್ಕ ಕೇಳಿದವನು ನಾನು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಅದನ್ನು ತಡೆದುಕೊಳ್ಳುವುದಕ್ಕೆ ನನ್ನಿಂದಾಗಲಿಲ್ಲ.

ಕಿರುಚಿಬಿಟ್ಟೆ. "ನೀವೇ ಕೊಂದ್ರಿ! ನೀವು ಕುಂಟ್ರು, ಏರು ಹತ್ತೋದು ನಿಮಗೇನು ಗೊತ್ತು!"

ಅಪ್ಪ ಹೊಡೆಯಲು ಕೈಯೆತ್ತಿದ. ಮೇಷ್ಟ್ರು ಆ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದರು. "ಗೊತ್ತಿತ್ತಲ್ಲೋ. ಬೆಳಿಗ್ಗೆ ಸುಖ ಕೊಟ್ಟ ದಾರೀಲೇ ದಿನಾ ಸಂಜೆ ಕುಂಟಿಕೊಂಡು ಮರಳೋನು ನಾನು. ಗೊತ್ತಿದ್ದೂ ಮರೆತೆ." ಇಷ್ಟೇ ಅಂದದ್ದು. ತೆಲುಗಿನಲ್ಲಿ ಬೈದಿದ್ದರೆ, ಕಿವಿ ಕಿತ್ತು ಕೈಗೆ ಕೊಟ್ಟಿದ್ದರೆ, ನಾನು ಇಂದಿಗೆ ಹಗುರವಾಗಿರುತ್ತಿದ್ದೆ.

ಕರಿಯ ಸಾಯುವವರೆಗೆ ಅವರು ದಿನವೂ ಬಂದರು. ತಾವೇ ಹುಲ್ಲು ತಿನ್ನಿಸಿದರು, ನೀರು ಕುಡಿಸಿದರು. ಅದು ಹೋದ ಮೇಲೆ ಯಾರನ್ನೂ ಹತ್ತಿರ ಬಿಡದೆ ಮಂಕರಿಯಲ್ಲಿ ಮಣ್ಣು ಹೊತ್ತು ಕಪಿಲೆ ಹಾದಿಯ ಗುಂಡಿ ತುಂಬಿದರು. ನಾಲ್ಕು ಬೆರಳಿನ ಗಿಡ್ಡ ಕಾಲು ಇಟ್ಟುಕೊಂಡು ಆ ಜಾರುವ ಹಾದಿಯನ್ನು ಇಳಿದು ಹತ್ತುತ್ತಿದ್ದುದನ್ನು ನಾನು ಹುಣಸೆ ಮರದ ಮರೆಯಲ್ಲಿ ನಿಂತು ನೋಡಿದೆ. ಹೋಗಿ ಒಂದು ಮಂಕರಿ ಹೊರಬಹುದಿತ್ತು. ಹೊರಲಿಲ್ಲ.

ಆಮೇಲೆ ತರಗತಿಯಲ್ಲಿ ಅವರು ಒಂಟಿ ಗೆರೆ ಎಳೆದದ್ದು ನನಗೆ ನೆನಪಿಲ್ಲ. ನಾವು ಯಾವ ಲೆಕ್ಕ ಮಾಡಿ ತೋರಿಸಿದರೂ, ಸರಿಯಿದ್ದರೂ, "ಇದು ಹೋಗೋ ಲೆಕ್ಕ. ಬರೋ ಲೆಕ್ಕ ಎಲ್ಲಿ?" ಎಂದು ಕೇಳುತ್ತಿದ್ದರು. ಉಳಿದ ಹುಡುಗರಿಗೆ ಅದು ತಮಾಷೆಯ ಮಾತಾಯಿತು. ನಾನು ಮಾತ್ರ ತಲೆ ಎತ್ತುತ್ತಿರಲಿಲ್ಲ. ನನ್ನ ಮೇಲೆ ಅವರಿಗೆ ಕೋಪ ಇದ್ದಿದ್ದರೆ ಚಳ್ಳಕೆರೆಯ ದೊಡ್ಡ ಶಾಲೆಗೆ ನನ್ನನ್ನು ಕಳಿಸಲೇಬೇಕೆಂದು ಅಪ್ಪನ ಬೆನ್ನು ಹತ್ತುತ್ತಿರಲಿಲ್ಲ. ಗಾಡಿ ಹತ್ತುವ ದಿನ ಅವರ ಕಾಲಿಗೇನೋ ಬಿದ್ದೆ, ಆಗಲೂ ಬಾಯಿ ಬಿಡಲಿಲ್ಲ.

ಅವರಿಂದ ಕಲಿತದ್ದೇ ನನಗೆ ಅನ್ನವಾಯಿತು. ರಸ್ತೆ ಕೆಲಸದ ಓವರ್ಸಿಯರ್ ಆದೆ. ಚಳ್ಳಕೆರೆಯ ಸಂತೆಗೆ ಹೇರು ತರುವ ಗಾಡಿಗಳಿಗೆ ದಿಣ್ಣೆಗಳ ಮೇಲೆ ದಾರಿ ಹಾಕಿಸುವಾಗ ಜೊತೆಯವರು ಹತ್ತಿರದ ದಾರಿ ಹುಡುಕುತ್ತಿದ್ದರು. ನಾನು ಮಳೆ ಬಿದ್ದ ಮಾರನೆಯ ದಿನ ತುಂಬಿದ ಗಾಡಿಯ ಹಿಂದೆ ನಡೆದು ಎತ್ತಿನ ಹಿಂಗಾಲು ನೋಡುತ್ತಿದ್ದೆ. ಸುತ್ತು ಜಾಸ್ತಿ ಎಂದು ಮೇಲಿನವರಿಂದ ಬೈಸಿಕೊಂಡದ್ದೂ ಉಂಟು. ಗಾಡಿ ಹೊಡೆಯುವವರು ಹೊಗಳಿದಾಗಲೆಲ್ಲ ಯಾರದೋ ಸೊತ್ತನ್ನು ನನ್ನದೆಂದು ತೋರಿಸಿಕೊಂಡಂತೆ ನಾಚಿಕೆಯಾಗುತ್ತಿತ್ತು.

ಬಹಳ ವರ್ಷಗಳ ಮೇಲೆ ಮೊಳಕಾಲ್ಮೂರಿನಲ್ಲಿ ಅವರನ್ನು ಹುಡುಕಿಕೊಂಡು ಹೋದೆ. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗ ಆಡುತ್ತಿದ್ದವು. ತಂಗಿಯ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿದ್ದರು. ಕಣ್ಣು ಮಂಜಾಗಿತ್ತು. ನನ್ನ ದನಿ ಕೇಳಿ, "ಯಾರು? ಕರಿಯನ ಹುಡುಗನಾ?" ಎಂದರು.

ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ಅವರೇ ನನ್ನ ಕೈ ಹಿಡಿದುಕೊಂಡರು. "ಲೇ, ಅವತ್ತು ತಪ್ಪು ನಂದು ಅಂತ ನಿಮ್ಮಪ್ಪಂಗೆ ಹೇಳಿದೆ, ನಿನಗೆ ಹೇಳಲಿಲ್ಲ. ನಿನ್ನ ಜೋಡಿ ಹುಟ್ಟಿದ ಎತ್ತು ಅದು. ತಪ್ಪಾಯ್ತು ಕಣೋ."

"ಆಗಿಹೋದ ಮಾತು, ಬಿಡ್ರಿ ಮೇಷ್ಟ್ರೇ," ಎಂದೆ. ಅವರ ಮುಖ ಸಡಿಲವಾಯಿತು. ಎಷ್ಟೋ ವರ್ಷದ ಭಾರ ಇಳಿಸಿದವರಂತೆ ಉಸಿರು ಬಿಟ್ಟು, ರಸ್ತೆಗಳ ವಿಚಾರ ಕೇಳತೊಡಗಿದರು. ಅವರ ತಂಗಿ ಮಜ್ಜಿಗೆ ತಂದುಕೊಟ್ಟರು. ಕುಡಿದೆ. ನನ್ನ ಮಾತು ನಾಲಿಗೆಯ ತುದಿಯಲ್ಲೇ ನಿಂತಿತ್ತು. ಅವರು ಅಷ್ಟು ನೆಮ್ಮದಿಯಾಗಿರುವಾಗ ಕುಂಟನೆಂದದ್ದನ್ನು ಯಾಕೆ ನೆನಪಿಸಲಿ, ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಹೇಡಿತನಕ್ಕೆ ಎಷ್ಟು ಚೆಂದದ ನೆಪಗಳು ಸಿಗುತ್ತವೆ!

ಮುಂದಿನ ಸಲ ನಾನು ಹೋದದ್ದು ಅವರಿಗೆ ಹೆಗಲು ಕೊಡಲು. ಮಕ್ಕಳಿಲ್ಲದ ಮೇಷ್ಟ್ರು, ಹಳೆಯ ಶಿಷ್ಯರೇ ಹೊತ್ತೆವು. ಸ್ಮಶಾನಕ್ಕೆ ಹೋಗುವ ದಾರಿ ಗುಡ್ಡದ ಬುಡದಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ಇಳಿಯುತ್ತದೆ. "ನೀವು ಎತ್ತರದೋರು, ತಗ್ಗಿನ ಕಡೆ ಬರ್ರಿ," ಎಂದು ಯಾರೋ ಅಂದರು. ತಗ್ಗಿನ ಕಡೆ ನಾನು ಹೆಗಲು ಕೊಟ್ಟೆ. ಚಟ್ಟ ಎಲ್ಲೂ ವಾಲದೆ ಮಟ್ಟವಾಗಿ ಸಾಗಿತು. ಮೇಷ್ಟ್ರು ಅವತ್ತು ಕುಂಟದೆ ಹೋದರು.

ಬರುವಾಗ ಅದೇ ದಾರಿ. ಉಳಿದವರು ಮಳೆ ಬೆಳೆ ಮಾತಾಡಿಕೊಂಡು ಮುಂದೆ ಹೋದರು. ನಾನು ಹಿಂದುಳಿದೆ. ಅರ್ಧ ಏರಿನಲ್ಲಿ ನಿಂತು, "ತಪ್ಪಾಯ್ತು ಮೇಷ್ಟ್ರೇ," ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಯಿತು.

ಮುಂದಿದ್ದವನೊಬ್ಬ ತಿರುಗಿ ನೋಡಿದ. "ಏನಂದ್ರಿ?"

"ಏನಿಲ್ಲಪ್ಪ," ಎಂದೆ. "ಏರು ಜಾಸ್ತಿ ಐತೆ."