ನಮ್ಮ ಯಜಮಾನರ ಅಮೆರಿಕದ ಕಾರು

ಅಮೆರಿಕದಲ್ಲಿ ಒಬ್ಬ ರೈತನ ಮಗ ಹುಟ್ಟಿದ. ಅವನಿಗೆ ಹೊಲದ ಕೆಲಸವೆಂದರೆ ಆಗುತ್ತಿರಲಿಲ್ಲ. ಊರವರ ಗಡಿಯಾರ ಬಿಚ್ಚಿ ಜೋಡಿಸುತ್ತಾ ಬೆಳೆದ. ಮುಂದೆ ಅವನೇ ಕಾರು ಕಂಪನಿ ಕಟ್ಟಿ ಜಗತ್ತಿಗೆಲ್ಲ ಕಾರು ಹಂಚಿದ. ಈ ಕಥೆಯನ್ನು ನಮ್ಮ ಯಜಮಾನರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತೇನೆ. ಸ್ವಂತ ಅಪ್ಪ ಅಮ್ಮನ ಮದುವೆ ಯಾವೂರಲ್ಲಾಯಿತು ಎಂದರೆ ತಲೆ ಕೆರೆದುಕೊಳ್ಳುವ ಈ ಮನುಷ್ಯ, ಆ ಮಹಾನುಭಾವ ತನ್ನ ಮೊದಲ ಗಾಡಿಯನ್ನು ಮನೆ ಹಿಂದಿನ ಶೆಡ್ಡಿನಲ್ಲಿ ಮಾಡಿದ್ದು, ಅದು ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆದು ಹೊರಗೆ ತಂದದ್ದು, ಎಲ್ಲವನ್ನೂ ಪಕ್ಕದಲ್ಲೇ ನಿಂತು ನೋಡಿದವರಂತೆ ಹೇಳುತ್ತಾರೆ. ಅಳತೆ ನೋಡಿಕೊಳ್ಳದೆ ಗಾಡಿ ಮಾಡಿದವನನ್ನು ನಮ್ಮ ಕಡೆ ಪೆದ್ದ ಅನ್ನುತ್ತಾರೆ. ನಮ್ಮ ಯಜಮಾನರು ಮಾತ್ರ ಅವನಿಗೆ ಕೈ ಮುಗಿಯುತ್ತಾರೆ.

ನಾವಿರುವುದು ಮಧುಗಿರಿಯಲ್ಲಿ. ಯಜಮಾನರು ಕೊರಟಗೆರೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ನಾನು ಮಿಡಿಗೇಶಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಆ ಅಮೆರಿಕದವನ ಕಂಪನಿಯ ಕಾರು. ನಮ್ಮಿಬ್ಬರಿಗಿಂತ ಅದಕ್ಕೇ ಮರ್ಯಾದೆ ಜಾಸ್ತಿ. ನಮ್ಮ ಅಡುಗೆಮನೆಯ ಸೂರು ಸೋರುತ್ತಿತ್ತು, ಅದರ ಶೆಡ್ಡಿಗೆ ಮಾತ್ರ ಹೊಸ ಶೀಟು ಬಂತು. ಮೈತುಂಬ ಹೊದಿಕೆ, ಆ ಹೊದಿಕೆಯನ್ನು ವಾರಕ್ಕೊಮ್ಮೆ ಒಗೆಯುವುದು ನಾನು.

ಕಾರು ಕೊಂಡ ಮೇಲೆ ಇವರು ಅದರಲ್ಲಿ ಕೊರಟಗೆರೆಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಎಲ್ಲಿಯ ಮಾತು! ಇವರು ಹೋಗುವುದು ಬಸ್ಸಿನಲ್ಲೇ. ರಸ್ತೆಯಲ್ಲಿ ಯಾವನಾದರೂ ಉಜ್ಜಿಬಿಟ್ಟರೆ ಎಂಬ ಭಯ. ಮದುವೆ, ಗೃಹಪ್ರವೇಶಗಳಿಗೆ ಮಾತ್ರ ಅದು ಹೊರಗೆ ಬರುತ್ತಿತ್ತು. ಹತ್ತುವ ಮುಂಚೆ ಚಪ್ಪಲಿ ಕೊಡವಬೇಕು. ಸೀಟಿನ ಪ್ಲಾಸ್ಟಿಕ್ ಕವರು ತೆಗೆಯುವ ಹಾಗಿಲ್ಲ, ಬೇಸಿಗೆಯಲ್ಲಿ ಬೆನ್ನು ಬೆಂದುಹೋದರೂ ಸರಿ. ಒಳಗೆ ಕಡಲೆಕಾಯಿ ತಿನ್ನುವಂತಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿ, ಕಡಲೆಕಾಯಿ ಸುಲಿಯದೆ ಪ್ರಯಾಣ ಮಾಡು ಎಂದು ಹೆಂಡತಿಗೆ ಅಪ್ಪಣೆ ಕೊಟ್ಟ ಗಂಡ ಇವರೊಬ್ಬರೇ ಇರಬೇಕು.

ಮನೆಗೆ ಯಾರು ಬಂದರೂ ಕಂಪನಿಯ ಪುರಾಣ ಶುರು. ಬಂದವರು ನೀರು ಕುಡಿದು ಲೋಟ ಇಡುವಷ್ಟರಲ್ಲಿ, ಕೆಲಸಗಾರ ನಿಂತಲ್ಲೇ ನಿಂತಿರುವುದು, ಕಾರೇ ಸಾಲಿನಲ್ಲಿ ಅವನ ಮುಂದೆ ಬರುವುದು, ಒಬ್ಬ ಒಂದೇ ಬೋಲ್ಟು ಬಿಗಿಯುವುದು ಎಂಬ ಹಂತಕ್ಕೆ ಇವರು ಬಂದಿರುತ್ತಿದ್ದರು. ಸಂಬಳ ಒಂದೇ ಏಟಿಗೆ ಎರಡರಷ್ಟು ಮಾಡಿದನಂತೆ. ಆಮೇಲೆ ಆ ಸಂಬಳಕ್ಕೆ ಅವರು ಯೋಗ್ಯರೋ ಇಲ್ಲವೋ ನೋಡಲು ಕೆಲಸಗಾರರ ಮನೆಗಳಿಗೆ ಜನ ಕಳಿಸುತ್ತಿದ್ದನಂತೆ, ಕುಡಿಯುತ್ತಾರಾ, ಮನೆ ಚೊಕ್ಕಟವಾಗಿದೆಯಾ ಎಂದು.

"ಶಿಸ್ತು ಅಂದ್ರೆ ಅದು ಕಣೇ," ಎಂದರು ಒಂದು ದಿನ.

"ನಮ್ಮನೆಗೂ ಒಬ್ಬರನ್ನ ಕಳಿಸಾಕ್ ಹೇಳಿ," ಎಂದೆ. "ನಿಮ್ಮ ಬನಿಯನ್ನು ಬಚ್ಚಲಲ್ಲಿ ಹೆಂಗೆ ಬಿದ್ದಿರ್ತದೆ ಅಂತ ನೋಡ್ಕೊಂಡೋಗ್ಲಿ."

ಅವರಿಗೆ ತಮಾಷೆ ಅರ್ಥವಾಗುವುದಿಲ್ಲ. ಆ ಮಹಾನುಭಾವ ದಕ್ಷಿಣ ಅಮೆರಿಕದ ಕಾಡಿನಲ್ಲಿ ರಬ್ಬರಿಗೋಸ್ಕರ ಒಂದು ಊರನ್ನೇ ಕಟ್ಟಿಸಿ, ಅಲ್ಲಿನ ಕೂಲಿಯವರಿಗೆ ತನ್ನ ಕಡೆಯ ಊಟ ಉಣ್ಣಿಸಲು ಹೋಗಿ, ಅವರು ರೇಗಿ ಊಟದ ಮನೆಯನ್ನೇ ಪುಡಿ ಮಾಡಿದ್ದನ್ನು ನಾನು ಎಲ್ಲೋ ಓದಿ ಹೇಳಿದೆ. "ದೊಡ್ಡೋರು ತಪ್ಪು ಮಾಡಿದ್ರೂ ದೊಡ್ಡದಾಗೇ ಮಾಡ್ತಾರೆ," ಎಂದರು. ಹೆಂಡತಿ ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿದರೆ ಮಾತ್ರ ಆ ಉದಾರತೆ ಕಾಣೆ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಸಹಿಸಿಕೊಳ್ಳಲಾಗದೆ ಹೋದದ್ದು ನನ್ನ ಬಡ್ತಿಯ ವಿಷಯಕ್ಕೆ.

ಮೊದಲ ಸಲ ನನಗೆ ಮುಖ್ಯೋಪಾಧ್ಯಾಯಿನಿಯ ಬಡ್ತಿ ಬಂದಾಗ ಖಾಲಿ ಇದ್ದ ಶಾಲೆಗಳೆಲ್ಲ ಪಾವಗಡದ ಕಡೆ. ಬಸ್ಸಿನಲ್ಲಿ ಹೋಗಿ, ಇಳಿದು, ಆಟೋ ತುಂಬುವವರೆಗೆ ಕಾದು ಶಾಲೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಎರಡನೆಯ ಪೀರಿಯಡ್ಡು ನಡೆಯುತ್ತಿರುತ್ತದೆ. ಮಿಕ್ಕ ಮೇಷ್ಟ್ರುಗಳು ಆರಾಮಾಗಿ ತಡವಾಗಿ ಬರಬಹುದು, ಹೆಡ್ಡು ಬರುವಂತಿಲ್ಲ. ಕಾರು ಕೊಡಿ, ಓಡಿಸುವುದು ಕಲಿಯುತ್ತೇನೆ ಎಂದೆ.

"ಲೇ, ನಿಂಗ್ಯಾಕೆ ಬೇಕು ಆ ತಲೆನೋವು? ಬ್ಯಾಡ ಅಂತ ಬರ್ಕೊಟ್ಬುಡು."

ಬರೆದುಕೊಟ್ಟೆ. ನನ್ನ ಜಾಗಕ್ಕೆ ನನಗಿಂತ ಕಿರಿಯರೊಬ್ಬರು ಹೆಡ್‌ಮಾಸ್ಟರಾದರು. ಅವರು ಸಭೆಗಳಲ್ಲಿ ಕುರ್ಚಿಯಲ್ಲಿ ಕೂತು, "ಏನಮ್ಮಾ, ನಿಮ್ಮ ಸ್ಕೂಲಿನ ರಿಸಲ್ಟು ಹಿಂಗ್ಯಾಕೆ?" ಎಂದು ಕೇಳಿದಾಗ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅಮೆರಿಕದ ರೈತನ ಮಗನ ಮೇಲೂ ಉರಿಯುತ್ತಿತ್ತು, ಮಧುಗಿರಿಯ ಗುಮಾಸ್ತರ ಮೇಲೂ ಉರಿಯುತ್ತಿತ್ತು.

ಮುಂದಿನ ಸಲ ಹೀಗಾಗಬಾರದೆಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಯಜಮಾನರು ನಕ್ಕರು. "ಮಾಡಿಸ್ಕೋ ಮಾಡಿಸ್ಕೋ, ಲೈಸೆನ್ಸು ಗುರುತಿನ ಚೀಟಿಗಾದ್ರೂ ಆಗ್ತದೆ," ಎಂದರು. ಬೆಟ್ಟದ ಬುಡದ ರಸ್ತೆಯಲ್ಲಿ ಬೆವರು ಸುರಿಸಿ, ಎದುರಿಗೆ ಬಂದ ಕುರಿಮಂದೆಗೆಲ್ಲ ದಾರಿ ಬಿಟ್ಟು, ಮೊದಲ ಪರೀಕ್ಷೆಯಲ್ಲೇ ಪಾಸಾದೆ. ಲೈಸೆನ್ಸು ತಂದು ಅವರ ಮುಂದಿಟ್ಟು ಕಾರಿನ ಕೀಲಿ ಕೇಳಿದೆ. ಫೋಟೋ ನೋಡಿ ಚೆನ್ನಾಗಿ ಬಂದಿದೆ ಎಂದರು. ಕೀಲಿ ಕೊಡಲಿಲ್ಲ.

ಅಷ್ಟರಲ್ಲಿ ಆ ಕಂಪನಿ ನಮ್ಮ ದೇಶದಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತದೆ ಎಂಬ ಸುದ್ದಿ ಬಂತು. ಯಜಮಾನರು ಅವತ್ತು ರಾತ್ರಿ ಊಟ ಮಾಡಲಿಲ್ಲ. ನಮ್ಮ ಮಾವ ತೀರಿಕೊಂಡಾಗ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಎರಡು ಮುದ್ದೆ ಉಂಡಿದ್ದ ಮನುಷ್ಯ! ಮಾರನೆಯ ದಿನ ನೆಂಟರೆಲ್ಲ ಫೋನು ಮಾಡಿ ಸಮಾಧಾನ ಹೇಳಿದರು. ಅಯ್ಯೋ ಶಿವನೆ, ಹೀಗೂ ಒಂದು ಮನೆಯಲ್ಲಿ ನಡೆಯುತ್ತದೆ ಎಂದರೆ ಯಾರಾದರೂ ನಂಬುತ್ತಾರಾ?

ಕೀಲಿ ಕೊಡದಿರುವುದಕ್ಕೆ ಈಗ ಇವರಿಗೆ ಒಳ್ಳೆಯ ನೆಪ ಸಿಕ್ಕಿತು. "ಇನ್ಮೇಲೆ ಕ್ಲಚ್ ಪ್ಲೇಟು ಸಿಗಾಕಿಲ್ಲ ಕಣೇ. ನೀನು ಕಲಿಯೋಕೋಗಿ ಅದು ಹೋದ್ರೆ ಯಾರಮ್ಮ ತಂದ್ಕೊಡ್ತಾರೆ?" ಬಿಡಿಭಾಗ ಸಿಗುತ್ತದೆ ಎಂದು ಕಂಪನಿಯವರೇ ಹೇಳಿದ್ದಾರಲ್ಲ ಎಂದರೆ ಕೇಳುವುದಿಲ್ಲ. ಶಿರಾದಲ್ಲಿ ಒಬ್ಬ ಸಾಹೇಬರ ಗ್ಯಾರೇಜಿದೆ. ಕಾರು ಎಲ್ಲಿಗೂ ಓಡದಿದ್ದರೂ ತಪಾಸಣೆಗೆಂದು ಅಲ್ಲಿಗೆ ಮಾತ್ರ ಹೋಗಿಬರುತ್ತಿತ್ತು. ಆ ಸಾಹೇಬರು ಬಲು ಚಾಲಾಕು. ಇವರ ಕಾರು ಒಳಗೆ ಬರುತ್ತಿದ್ದಂತೆ ಕುರ್ಚಿ ಹಾಕಿಸಿ, "ಸಾರ್, ಆ ಗೋಡೆ ಒಡೆದ್ರಲ್ಲ, ಆ ಕಥೆ ಇನ್ನೊಂದ್ಸಲ ಹೇಳಿ ಸಾರ್. ನಮ್ ಹುಡ್ಗರ್ಗೆ ಕೇಳ್ಸ್ಬೇಕು," ಎನ್ನುವರು. ಇವರು ಕಥೆ ಮುಗಿಸುವಷ್ಟರಲ್ಲಿ ಬೇಕಾದ ಕೆಲಸ ಬೇಡದ ಕೆಲಸ ಎಲ್ಲ ಮುಗಿದು ಬಿಲ್ಲು ಸಿದ್ಧವಾಗಿರುತ್ತಿತ್ತು. ನಾನು ಹಿಂದಿನ ಸೀಟಿನಲ್ಲಿ, ಪ್ಲಾಸ್ಟಿಕ್ಕಿನ ಮೇಲೆ, ಬೇಯುತ್ತ ಕೂತಿರುತ್ತಿದ್ದೆ.

ಎರಡನೆಯ ಸಲ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಮತ್ತೆ ಖಾಲಿ ಇದ್ದದ್ದು ಪಾವಗಡದ ದಾರಿಯ ಶಾಲೆಗಳೇ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಈ ಸಲವೂ ಬೇಡವೆಂದರೆ ಸಹಶಿಕ್ಷಕಿಯಾಗೇ ಮನೆಗೆ ಹೋಗಬೇಕು. ರಾತ್ರಿಯೆಲ್ಲ ಅದೇ ಯೋಚನೆ. ಪಕ್ಕದಲ್ಲಿ ಯಜಮಾನರು ಗೊರಕೆ ಹೊಡೆಯುತ್ತಿದ್ದರು.

"ಹೋದ್ಸಲ ಬರ್ಕೊಟ್ಟಂಗೇ ಬರ್ಕೊಟ್ಬುಡು," ಎಂದರು ಬೆಳಗ್ಗೆ, ಪೇಪರಿನಿಂದ ತಲೆಯೆತ್ತದೆ.

ಆ ಭಾನುವಾರ ಇವರ ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರು ಹೆಂಡತಿಯ ಸಮೇತ ನಮ್ಮ ಮನೆಗೆ ತಿಂಡಿಗೆ ಬಂದರು. ನಾನು ದೋಸೆ ಹುಯ್ಯುತ್ತಿದ್ದೆ. ನಡುಮನೆಯಲ್ಲಿ ಪುರಾಣ ಭರ್ಜರಿಯಾಗಿ ನಡೆದಿತ್ತು. ಮ್ಯಾನೇಜರ ಎದುರು ಬೀಗಬೇಕಲ್ಲ, ಅವತ್ತು ನಾನೂ ಕೇಳದ ಒಂದು ಅಧ್ಯಾಯ ಹೊರಗೆ ಬಂತು.

"ಎಷ್ಟು ದೊಡ್ಡ ಮನಸ್ಸು ನೋಡಿ ಸಾರ್. ಆಗಿನ ಕಾರಿಗೆ ಮುಂದೆ ನಿಂತ್ಕೊಂಡು ಹ್ಯಾಂಡಲ್ಲು ತಿರುವಬೇಕಿತ್ತು. ಹೆಂಗಸರ ಕೈಲಿ ಆಗುತ್ತಾ? ಅದಕ್ಕೆ ತಾನು ಕಾರು ಕಂಪನಿ ಮಾಲೀಕನಾದ್ರೂ ಹೆಂಡ್ತಿಗೆ ಬೇರೆ ಕಂಪನಿ ಕಾರು ಕೊಡಿಸಿದ. ಬ್ಯಾಟರಿ ಕಾರು!"

"ಬ್ಯಾಟರಿ ಕಾರಾ? ಆ ಕಾಲದಲ್ಲಾ?" ಎಂದರು ಮ್ಯಾನೇಜರು.

"ಹೂಂ ಸಾರ್. ಆಗ್ಲೇ ಇತ್ತು."

ಮ್ಯಾನೇಜರ ಹೆಂಡತಿ ದೋಸೆ ಮುರಿಯುತ್ತ ಕೇಳಿದರು, "ಮತ್ತೆ ಅದನ್ನ ಆಯಮ್ಮನೇ ಓಡಿಸ್ತಿದ್ರಾ?"

"ಓಡಿಸ್ತಿದ್ರು, ಆಯಮ್ಮನೇ ಓಡಿಸ್ತಿದ್ರು," ಎಂದರು ಇವರು ಹೆಮ್ಮೆಯಿಂದ, ತಾವೇ ಕೊಡಿಸಿದವರಂತೆ.

ನಾನು ಚಟ್ನಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೂರು ವರ್ಷಕ್ಕೂ ಹಿಂದೆ, ಆ ಕಂಪನಿಯನ್ನೇ ಕಟ್ಟಿದವನ ಹೆಂಡತಿ, ಗಂಡನ ಕಾರು ಅಲ್ಲಿಟ್ಟು ಬೇರೆಯವರ ಕಾರು ಓಡಿಸಿಕೊಂಡು ತನ್ನ ಪಾಡಿಗೆ ತಾನು ತಿರುಗಿದ್ದಾಳೆ. ಆ ಕಂಪನಿಯ ಒಂದು ಡಬ್ಬಿ ಕೊಂಡವನ ಹೆಂಡತಿ ನಾನು, ಕೀಲಿ ಕೊಡಿ ಕೊಡಿ ಎಂದು ಗೋಗರೆಯುತ್ತ ಅದರ ಹೊದಿಕೆ ಒಗೆದಿದ್ದೇನೆ! ಥೂ ನನ್ನ ಬಾಳೇ ಅನ್ನಿಸಿತು.

"ರೀ," ಎಂದೆ. ಎಲ್ಲರೂ ತಿರುಗಿದರು. "ಹಂಗಾದ್ರೆ ನಾನೂ ಬ್ಯಾಟರಿ ಕಾರೇ ತಗೊಳ್ತೀನಿ. ಬುಧವಾರ ಕೌನ್ಸೆಲಿಂಗು. ಪಾವಗಡದ ಸ್ಕೂಲು ಹಿಡೀತೀನಿ. ನಿಮ್ಮ ಕಾರು ನೀವೇ ಇಟ್ಕೊಳ್ಳಿ."

ಇವರು ಹಲ್ಲು ಕಿಸಿದರು. ಮ್ಯಾನೇಜರ ಹೆಂಡತಿ, "ತಗೊಳ್ಳಿ ಮೇಡಂ, ಮೊದಲು ತಗೊಳ್ಳಿ," ಎಂದು ನನ್ನ ಕೈ ಹಿಡಿದುಕೊಂಡರು. ಅವರನ್ನು ಕಳಿಸಿ ಬಾಗಿಲು ಹಾಕಿದ್ದೇ ತಡ, ಯಜಮಾನರು ಅಡುಗೆಮನೆಗೆ ನುಗ್ಗಿ ಬಂದರು.

"ಬಂದೋರ ಮುಂದೆ ನನ್ನ ಮಾನ ಕಳೆದ್ಯಲ್ಲೇ! ಏನು ಹೇಳ್ಬೇಕು ಅಂತ ಗ್ಯಾನ ಬ್ಯಾಡ್ವಾ ನಿಂಗೆ?"

"ಹೇಳಿದ್ದು ನೀವು. ನಾನು ಕೇಳಿಸ್ಕೊಂಡೆ, ಅಷ್ಟೇಯ."

ಬುಧವಾರ ಕೌನ್ಸೆಲಿಂಗಿನಲ್ಲಿ ಪರದೆಯ ಮೇಲೆ ಶಾಲೆಗಳ ಹೆಸರು ಬಂದಾಗ, ಪಾವಗಡ ಇನ್ನೂ ಸ್ವಲ್ಪ ದೂರ ಇರುವಾಗಲೇ ರಸ್ತೆಯಿಂದ ಒಳಗೆ ತಿರುಗುವ ಒಂದು ಶಾಲೆ ಆರಿಸಿಕೊಂಡು ಸಹಿ ಹಾಕಿ ಬಂದೆ. ಸೇರುವುದರೊಳಗೆ ನನ್ನ ಸಂಬಳದ ಮೇಲಿನ ಸಾಲದಲ್ಲಿ ಚಿಕ್ಕದೊಂದು ಬ್ಯಾಟರಿ ಕಾರೂ ಬಂತು. ಯಜಮಾನರು ಅದರ ಸುತ್ತ ಒಂದು ಸುತ್ತು ಹಾಕಿ, "ಇಸ್ತ್ರಿಪೆಟ್ಟಿಗೆಗೆ ಚಕ್ರ ಹಾಕ್ದಂಗೈತೆ," ಎಂದು ಮೂಗು ಮುರಿದರು. ಶೆಡ್ಡಿನಲ್ಲಿ ಜಾಗವಿಲ್ಲ ಎಂದರು. ನಾನು ಅದನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಕಿಟಕಿಯಿಂದ ವೈರು ಎಳೆದು ಕರೆಂಟು ಕೊಟ್ಟೆ. ಆ ವಾರದಿಂದ ಶೆಡ್ಡಿನ ಹೊದಿಕೆಯನ್ನು ಒಗೆಯುವುದನ್ನೂ ಬಿಟ್ಟೆ.

ಶಾಲೆಗೆ ಸೇರುವ ದಿನ ಇವರು ಬೆಳಗ್ಗೆಯೇ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದರು. ಬ್ಯಾಂಕಿಗೆ ರಜೆ ಹಾಕಿದ್ದರಂತೆ. "ದಾರೀಲಿ ನಿಂತೋದ್ರೆ ಯಾರು ಗತಿ? ನಾನಿರ್ತೀನಿ," ಎಂದರು. ಮಿಡಿಗೇಶಿ ದಾಟುವವರೆಗೂ ಬಾಯಿಗೆ ಬಿಡುವಿಲ್ಲ. ಹಾರನ್ ಹೊಡಿ, ಎಡಕ್ಕೆ ಹೋಗು, ಲಾರಿ ಲಾರಿ, ನಿಧಾನ. ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲಡಿಯ ಮ್ಯಾಟನ್ನೇ ಸುರುಳಿ ಮಾಡಿಟ್ಟರು. ನಾನು ರಸ್ತೆಯ ಮೇಲೆ ಕಣ್ಣಿಟ್ಟು ಓಡಿಸಿದೆ. ಎರಡೂ ಕಡೆ ಬಂಡೆ ಗುಡ್ಡ, ಜಾಲಿ, ಆಗ ತಾನೇ ಬಿತ್ತಿದ ಹೊಲ. ಬಸ್ಸಿನ ಕಿಟಕಿಯಿಂದ ಕಂಡಿದ್ದ ಅದೇ ದಾರಿಯಲ್ಲಿ ಈಗ ನನ್ನ ಕೈಯಾರೆ ಓಡಿಸಿಕೊಂಡು ಹೋಗುತ್ತಿದ್ದೆ.

ಶಾಲೆಯ ಗೇಟು ಮುಟ್ಟಿದಾಗ ಮಕ್ಕಳು ಇನ್ನೂ ಅಂಗಳ ಗುಡಿಸುತ್ತಿದ್ದರು. ಹೊಸ ಹೆಡ್ಡನ್ನು ಎದುರುಗೊಳ್ಳಲು ಶಾಲಾ ಸಮಿತಿಯ ಅಧ್ಯಕ್ಷರು ಹಾರ ಹಿಡಿದು ನಿಂತಿದ್ದರು, ವಯಸ್ಸಾದ ರೈತರು. ಕಾರು ನಿಂತದ್ದೇ ಅವರು ಸರಸರ ಬಂದು ಎಡಗಡೆಯ ಬಾಗಿಲು ತೆಗೆದರು.

"ರಾಂಡಿ ಸಾರ್, ರಾಂಡಿ. ನಮ್ ಸ್ಕೂಲ್ಗೆ ಕೊನೆಗೂ ಒಬ್ರು ಹೆಡ್‌ಮಾಸ್ಟ್ರು ಬಂದ್ರು ಬುಡಿ," ಎಂದು ಆ ಕಡೆಯ ತೆಲುಗು ಬೆರೆಸಿ ಬರಮಾಡಿಕೊಳ್ಳುತ್ತ ನಮ್ಮ ಯಜಮಾನರಿಗೆ ಹಾರ ಹಾಕಿದರು.

ನಾನಲ್ಲ ಎಂದು ಒಂದು ಮಾತು? ಊಹೂಂ. ಹಾರ ಸಲೀಸಾಗಿ ಬೀಳಲಿ ಎಂದು ಕತ್ತು ಬಗ್ಗಿಸಿ ಕೊಟ್ಟರು. ಮಕ್ಕಳತ್ತ ಕೈ ಬೇರೆ ಎತ್ತಿದರು.

ನಾನು ಈ ಕಡೆಯಿಂದ ಇಳಿದು, ಬಾಗಿಲು ಹಾಕಿ, ಸುತ್ತಿಕೊಂಡು ಅವರ ಮುಂದೆ ಬಂದು ನಿಂತೆ. ಅವರ ಕೊರಳಿನಿಂದ ಹಾರ ತೆಗೆದು ನನ್ನ ಕೊರಳಿಗೆ ಹಾಕಿಕೊಂಡೆ.

"ಹೆಡ್‌ಮೇಡಂ ನಾನು ಕಣಣ್ಣ," ಎಂದೆ ಅಧ್ಯಕ್ಷರಿಗೆ. "ನಡೀರಿ, ಪ್ರಾರ್ಥನೆಗೆ ಗಂಟೆ ಹೊಡೆಸೋಣ."

ಅಧ್ಯಕ್ಷರು ನಾಲಿಗೆ ಕಚ್ಚಿಕೊಂಡು, "ಮತ್ತೆ ಇವ್ರು?" ಎಂದು ಇವರನ್ನು ತೋರಿಸಿದರು. ಇವರು ಬೋಳು ಕೊರಳು ಸವರಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ನಾನು ಕೀಲಿಯನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದೆ.

"ನಮ್ಮ ಯಜಮಾನರು," ಎಂದೆ. "ಜೊತೇಲಿ ಬಂದವ್ರೆ. ಸಾಯಂಕಾಲದ ತನಕ ಕೂತ್ಕೊಳ್ಳೋಕೆ ಒಂದು ಕುರ್ಚಿ ಹಾಕ್ಸಿ."