ಹಸಿರು ಕಪಾಟಿಗೆ ಮೇಣ ಹಚ್ಚದ ಹಬ್ಬ

ಇಂದು ಸೊಸೆ ಮೇಜಿಗೆ ಹಚ್ಚಲೆಂದು ಮೇಣದ ಡಬ್ಬಿ ತೆರೆದಾಗ, ನಾನು ಚಿಕ್ಕವಳಿದ್ದಾಗ ನಾವಿದ್ದ ಅಲ್ ಮನ್ಸೂರಾದ ಹಳೆಯ ಮನೆ ನೆನಪಾಯಿತು.

ಹಬ್ಬದ ಮುನ್ನಾದಿನ ಅದು. ನನ್ನ ತಾಯಿ, ಉಮ್ಮ, ನನಗೆಂದು ಹಳೆಯ ಕಪಾಟಿಗೆ ಹಸಿರು ಬಣ್ಣ ಬಳಿದಿದ್ದರು. ಬಣ್ಣ ಗಟ್ಟಿಯಾಗಿ ನಿಲ್ಲಲು ಅದರ ಮೇಲೆ ಮೇಣ ಉಜ್ಜಬೇಕಿತ್ತು; ಅಲ್ಲಿಯವರೆಗೆ ಬಟ್ಟೆ ಜೋಡಿಸುವಂತಿರಲಿಲ್ಲ. ನಾಳೆ ಬರುವ ಚಿಕ್ಕಮ್ಮನ ಮಕ್ಕಳಿಗೆ ಅದನ್ನು ತೋರಿಸಲೇಬೇಕೆಂದು ನಾನು ಕೂತಲ್ಲಿ ಕೂರಲಾರದೆ ಸುತ್ತುತ್ತಿದ್ದೆ.

“ಒಣಗಿದೆಯಲ್ಲ ಮಾರಾಯ್ತಿ. ಯಲ್ಲಾ, ಬೇಗ ಮೇಣ ಹಚ್ಚಿ ಖಲಾಸ್ ಮಾಡು,” ಎಂದರು ನನ್ನ ತಂದೆ, ಉಪ್ಪ.

ಉಮ್ಮ ಕಪಾಟಿನ ಬಾಗಿಲನ್ನು ಮೂಸಿದರು. “ಬಣ್ಣದ ವಾಸನೆ ಇನ್ನೂ ಉಂಟು, ಒಳಗೆ ಹಸಿ. ಈಗ ಉಜ್ಜಿದರೆ ಬಣ್ಣವೇ ಎದ್ದು ಬರ್ತದೆ. ಅವಸರ ಇದ್ರೆ ನಿಮ್ಮ ತಲೆಗೆ ಹಚ್ಚಿಕೊಳ್ಳಿ!”

ನಾನು ಗಳಿಗೆಗೊಮ್ಮೆ ಮೂಸಿದೆ. ವಾಸನೆ ಹೋಗಲಿಲ್ಲ. ಮರುದಿನ ಬಂದ ಚಿಕ್ಕಮ್ಮನ ಮಕ್ಕಳು ಖಾಲಿ ಕಪಾಟು ನೋಡಿ ನಕ್ಕು ಹೋದರು.

ಹಬ್ಬ ಕಳೆದು ವಾಸನೆ ಹೋದ ಮೇಲೆಯೇ ಉಮ್ಮ ಮೇಣ ಉಜ್ಜಿದರು. ಆ ಹಸಿರು ಇಂದಿಗೂ ಒಂದು ಚೂರೂ ಎದ್ದಿಲ್ಲ.

“ಮುಟ್ಟಿದ್ರೆ ಅಂಟುದಿಲ್ಲ ಮಾಮಿ,” ಎಂದು ಸೊಸೆ ತಾನು ಬಣ್ಣ ಬಳಿದ ಮೇಜು ತೋರಿಸಿದಳು.

ನಾನು ಬಗ್ಗಿ ಮೂಸಿದೆ.

“ಡಬ್ಬಿ ಮುಚ್ಚು,” ಎಂದೆ.