ವಿನ್ನಿ ಕೂತ ಸೋಫಾ

ವಿನ್ನಿಯ ಬಾಯಿಗೆ ಬೀಗ ಹಾಕುವವರು ಇಂಗ್ಲೆಂಡಿನ ನಮ್ಮ ಯಾರ್ಕ್‌ಶೈರಿನಲ್ಲೇ ಹುಟ್ಟಿರಲಿಲ್ಲ. ತಾನು ದುಡಿಯುತ್ತಿದ್ದ ಉಣ್ಣೆಯ ಗಿರಣಿ ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದಳು. ಉಳಿದ ಹೊತ್ತೆಲ್ಲ ಹಾಸಿಗೆ ಹಿಡಿದ ಅಕ್ಕ ಐವಿಯ ಸೇವೆ. ಯಾಕೆ ಮದುವೆಯಾಗಲಿಲ್ಲ ಎಂದರೆ, "ಗಂಡಸ್ರಿಗೆ ಟೀ ಮಾಡ್ಕೊಡ್ತೀನಿ, ಕಾಲುಚೀಲ ಒಗೆಯಲ್ಲ" ಅನ್ನುವಳು. ನಾನು ಎದುರು ಮನೆಯ ಮಾವಿಸ್. ಅವಳ ಜೊತೆ ಜಗಳ ಆಡದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನಮ್ಮ ಬೀದಿಗೆ ಸಿನಿಮಾದವರು ಬಂದರು. ಬಡವರ ಬದುಕನ್ನು ಇದ್ದ ಹಾಗೇ ತೆಗೆಯುತ್ತಾರಂತೆ. ಹೆಸರಾದ ನಟರು ಬೇಡ, ಬೀದಿಯವರೇ ಸಾಕು. ನಮಗೆ ಹೇಳಿದ್ದಿಷ್ಟೆ: ಒಂದು ಸಂಸಾರವನ್ನು ಮನೆಯಿಂದ ಹೊರಹಾಕುತ್ತಾರೆ, ನೀವು ನಿಮ್ಮ ನಿಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿ.

ನಿಂತೆವು. ಇಬ್ಬರು ದಾಂಡಿಗರು ಸೋಫಾ ತಂದು ರಸ್ತೆಗಿಟ್ಟರು. ಕೂಸನ್ನೆತ್ತಿಕೊಂಡ ಹುಡುಗಿ ಅಳುತ್ತಿದ್ದಳು. ವಿನ್ನಿ ಸರಸರ ನಡೆದುಹೋಗಿ ಆ ಸೋಫಾದ ಮೇಲೆ ಕೂತುಬಿಟ್ಟಳು!

"ಏಳಮ್ಮಾ, ನಾವು ಕೆಲ್ಸ ಮಾಡ್ಬೇಕು," ಅಂದ ಒಬ್ಬ.

"ಮಾಡಪ್ಪಾ, ಬೇಡ ಅಂದೋರ್ಯಾರು? ನನ್ನನ್ನೂ ಸೇರಿಸಿ ಎತ್ತು. ಬೆಳಿಗ್ಗೆ ದೊಡ್ಡ ಮಾಂಸದ ಪೈ ತಿಂದಿದೀನಿ, ಸೊಂಟ ಹುಷಾರು."

ನಿರ್ದೇಶಕ ಓಡಿಬಂದ. "ವಿನ್ನಿಯವರೇ, ಇದು ಸಿನಿಮಾ."

"ಗೊತ್ತು ಮಗಾ. ಸಿನಿಮಾ ಅಂತ ಮರ್ಯಾದೆ ಬಿಡಕ್ಕಾಗುತ್ತಾ?"

ಮತ್ತೆ ತೆಗೆದರು, ಮತ್ತೆ ಕೂತಳು. ಸಾಮಾನು ಎತ್ತುವವರು ಯಾರೇ ಆಗಲಿ, ಟೀ ಕೊಡದೆ ಕಳಿಸುವುದು ನಮ್ಮ ಬೀದಿಯಲ್ಲಿಲ್ಲ. ಅದನ್ನೂ ತರಿಸಿ ದಾಂಡಿಗರಿಗೆ ಕುಡಿಸಿದಳು. ನಿರ್ದೇಶಕ ನಕ್ಕು ಹಾಗೇ ಬಿಟ್ಟ.

ಊರಿನ ಕ್ಲಬ್ಬಿನಲ್ಲಿ ಆ ಸಿನಿಮಾ ತೋರಿಸಿದಾಗ ನೋಡಿದರೆ, ಕೊನೆಗೂ ಆ ಸಂಸಾರ ಬೀದಿಪಾಲು. ವಿನ್ನಿ ನಮ್ಮ ಮೇಲೆ ಹರಿಹಾಯ್ದಳು. "ನಾನೊಬ್ಳೇ ಕೂತ್ರೆ ಇನ್ನೇನಾಗುತ್ತೆ? ನೀವೆಲ್ಲ ದೀಪದ ಕಂಬದ ಹಾಗೆ ನಿಂತಿದ್ರಿ!"

ಮುಂದಿನ ಚಳಿಗಾಲ ಐವಿ ತೀರಿಕೊಂಡಳು. ಮನೆ ನಗರಸಭೆಯದು, ಬಾಡಿಗೆ ಕರಾರು ಐವಿಯ ಹೆಸರಿನಲ್ಲಿತ್ತು. ಅಕ್ಕ ಹೋದ ಮೇಲೆ ತಂಗಿಗೆ ಹಕ್ಕಿಲ್ಲ, ಖಾಲಿ ಮಾಡು ಅಂದರಂತೆ. ಅಕ್ಕನ ಮಲಮೂತ್ರ ಬಳಿದವಳಿಗೆ ಆ ಮಾತು! ಅಷ್ಟು ಬಾಯಿಬಡುಕಿ ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಾಚಿಕೆಯಾಗಿತ್ತು ಅವಳಿಗೆ.

ಒಂದು ಬೆಳಿಗ್ಗೆ ಅವಳ ಮನೆ ಮುಂದೆ ನಗರಸಭೆಯ ಲಾರಿ ನಿಂತಿತು. ಕಿಟಕಿಯಿಂದ ನೋಡಿದೆ. ಬಾಗಿಲ ಮೆಟ್ಟಿಲನ್ನು ಉಜ್ಜಿ ತೊಳೆದು, ಒಳ್ಳೆಯ ಕೋಟು ತೊಟ್ಟು, ಕೈಯಲ್ಲಿ ಚೀಲ ಹಿಡಿದು ನಿಂತಿದ್ದಾಳೆ. ತನ್ನನ್ನೇ ಹೊರಹಾಕಲು ಬಂದವರಿಗೆ ಟೀ ಕೊಡುತ್ತಿದ್ದಾಳೆ!

ಅವರು ಸೋಫಾ ತಂದು ರಸ್ತೆಗಿಟ್ಟರು. ನಾನು ಮನೆಯ ಚಪ್ಪಲಿಯಲ್ಲೇ ಓಡಿಹೋಗಿ ಅದರ ಮೇಲೆ ಕೂತೆ.

"ಏಳು ಮಾವಿಸ್, ಮಾನ ಕಳೀಬೇಡ," ಅಂದಳು ವಿನ್ನಿ, ಮೆಲ್ಲಗೆ.

"ನೀನು ಬಾಯ್ಮುಚ್ಚು. ಇವತ್ತು ನನ್ನ ಸರದಿ."

ಪಕ್ಕದ ಮನೆಯ ನಸ್ರೀನ್ ಹಿಟ್ಟಿನ ಕೈಯಲ್ಲೇ ಬಂದು, "ಸ್ವಲ್ಪ ಸರೀರಿ," ಎಂದು ಒತ್ತಿಕೊಂಡು ಕೂತಳು. ಮೂಲೆಮನೆಯ ಮುದುಕ ಕ್ಲಿಫರ್ಡ್ ರಸ್ತೆಗೆ ತಂದಿಟ್ಟಿದ್ದ ಮೇಜಿನ ಮೇಲೇ ಏರಿ ಕೂತ. ನೋಡುನೋಡುತ್ತ ಇಡೀ ಬೀದಿ ಅವಳ ಕುರ್ಚಿ, ಮಂಚ, ಪೆಟ್ಟಿಗೆಗಳ ಮೇಲೆ ಕೂತಿತ್ತು.

ಲಾರಿಯವರಲ್ಲೊಬ್ಬ ತಲೆ ಕೆರೆದುಕೊಂಡ. "ಇದೇನು, ಸಿನಿಮಾನಾ?"

"ಅಲ್ಲಪ್ಪಾ. ಸಿನಿಮಾದಲ್ಲಿ ನಾವು ನಿಂತಿದ್ವಿ," ಅಂದೆ.

ಅವರು ಟೀ ಮುಗಿಸಿ, ಕಚೇರಿಗೆ ಫೋನ್ ಮಾಡಿ, ಖಾಲಿ ಲಾರಿಯಲ್ಲಿ ಹಿಂದಿರುಗಿದರು. ಆಮೇಲೆ ನಾವೆಲ್ಲ ಕಚೇರಿಗೆ ಎಡತಾಕಿದೆವು. ವಸಂತ ಬರುವ ಹೊತ್ತಿಗೆ ಮನೆ ವಿನ್ನಿಯ ಹೆಸರಿಗಾಯಿತು.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ಬೆಳಿಗ್ಗೆಯೇ. ಲಾರಿ ಹೋದ ಮೇಲೆ ಸೋಫಾ ಎತ್ತಿಕೊಂಡು ಎಲ್ಲರೂ ಬಾಗಿಲಿಗೆ ಬಂದೆವು. ವಿನ್ನಿ ಅಡ್ಡ ನಿಂತಿದ್ದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ಕಾಲು ಒರೆಸ್ಕೊಂಡು ಬನ್ರೇ, ದರಿದ್ರದೋರಾ," ಅಂದಳು. "ಮೆಟ್ಲು ಈಗಷ್ಟೇ ತೊಳ್ದಿದೀನಿ."